ಚರ್ಚಿನ ಅಂಗಳದಲ್ಲಿ ಸುಖಾ

ಇಂಗ್ಲೆಂಡಿನ ದಕ್ಷಿಣದಲ್ಲಿ ನ್ಯೂ ಫಾರೆಸ್ಟ್ ಅಂತ ಒಂದು ಕಾಡು ಸೀಮೆ. ಅದರೊಳಗೆ ಬ್ರಾಕನ್‌ಹರ್ಸ್ಟ್ ಅನ್ನುವ ಊರು. ಊರಿನ ಹೊರಗೆ ದಿಬ್ಬದ ಮೇಲೆ ಸಂತ ನಿಕೊಲಸನ ಹಳೆಯ ಚರ್ಚು, ಪಕ್ಕದಲ್ಲಿ ಬಹಳ ಮುದಿಯಾದ ಒಂದು ಯೂ ಮರ, ಸುತ್ತ ಆ ಊರಿನ ಮನೆತನಗಳ ಗೋರಿಗಳು. ಆ ಗೋರಿಗಳ ನಡುವೆ ಒಬ್ಬ ಜಾಡಮಾಲಿಯ ಕಲ್ಲಿದೆ. ಅವನ ಹೆಸರು ಸುಖಾ. ಊರು ಬರೇಲಿ. ಸತ್ತದ್ದು 1915ರ ಜನವರಿ 12ರಂದು. ವಯಸ್ಸು ಮೂವತ್ತು.

ಕಲ್ಲಿನ ಮೇಲೆ ಬರೆದಿರುವುದು ಸುಮಾರಾಗಿ ಇಷ್ಟು: ಈ ಕಲ್ಲನ್ನು ಬ್ರಾಕನ್‌ಹರ್ಸ್ಟಿನ ಚರ್ಚಿನ ಸಭೆಯವರು ನಿಲ್ಲಿಸಿದರು, ಸಂಯುಕ್ತ ಪ್ರಾಂತ್ಯದ ಬರೇಲಿ ಶಹರದ ಗಂಗಾಪುರ ಮೊಹಲ್ಲಾದ ಸುಖಾ ಎಂಬುವನ ಐಹಿಕ ದೇಹ ಇಲ್ಲಿದೆ, ಅವನು ದೇಶ, ಮನೆ, ಗೆಳೆಯರನ್ನು ಬಿಟ್ಟು ಬಂದು ನಮ್ಮ ಅರಸನಿಗೂ ಸಾಮ್ರಾಜ್ಯಕ್ಕೂ ಸೇವೆ ಮಾಡಿದ, ಗಾಯಗೊಂಡ ಭಾರತೀಯ ಸಿಪಾಯಿಗಳಿಗಾಗಿ ಇದೇ ಊರಲ್ಲಿದ್ದ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ವಿನೀತ ಸೇವಕನಾಗಿದ್ದ, ಮತದಿಂದ ಕ್ರೈಸ್ತನಲ್ಲ, ಆದರೂ ಪರರ ಹಿತಕ್ಕಾಗಿ ಪ್ರಾಣ ಕೊಟ್ಟ. ಕೊನೆಗೆ, ಎಲ್ಲರಿಗೂ ತಂದೆ ಒಬ್ಬನೇ ದೇವರು ಅನ್ನುವ ಅರ್ಥದ ಬೈಬಲ್ ಮಾತು.

ಅಪ್ಪನ ಹೆಸರಿಲ್ಲ. ಹೆಂಡತಿ ಮಕ್ಕಳ ಮಾತಿಲ್ಲ. ಜಾತಿಯ ಮಾತಂತೂ ಇಲ್ಲವೇ ಇಲ್ಲ. ಆದರೆ ಆ ದೇಹ ಆ ಅಂಗಳಕ್ಕೆ ಬಂದದ್ದೇ ಜಾತಿಯ ಕಾರಣದಿಂದ.

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಇಂಗ್ಲೆಂಡಿನ ಚರ್ಚಿನ ಅಂಗಳ ಅಂದರೇನು ಅಂತ ನೋಡಬೇಕು. ಅದು ಬರೀ ಹೆಣ ಹೂಳುವ ಜಾಗ ಅಲ್ಲ, ಮನೆತನಗಳ ದಫ್ತರ. ಒಂದೇ ಕಲ್ಲಿನಲ್ಲಿ ಮೇಲೆ ಅಜ್ಜ, ಅವನ ಕೆಳಗೆ ಅಜ್ಜಿ, ಆಮೇಲೆ ಮಗ, ಸೊಸೆ, ಎಳವೆಯಲ್ಲಿ ಹೋದ ಕೂಸು ಹೀಗೆ ಹೆಸರುಗಳು ಇಳಿಯುತ್ತಾ ಬರುತ್ತವೆ. ಮುಂದೆ ಸಾಯುವವರಿಗೂ ಕೆಳಗೆ ಜಾಗ ಬಿಟ್ಟಿರುತ್ತಾರೆ. ಮೊದಲ ಮಹಾಯುದ್ಧದ ಕಾಲದ ಕಲ್ಲುಗಳನ್ನು ನೋಡಿದರೆ ಎಷ್ಟೋ ಕಡೆ ತಂದೆ ತಾಯಿಯ ಹೆಸರಿನ ಕೆಳಗೆ ಒಂದು ಸಾಲು: ಇವರ ಮಗ, ಫ್ರಾನ್ಸಿನಲ್ಲಿ ಮಡಿದ, ವರ್ಷ ಇಂಥದ್ದು. ಆ ಮಗ ಆ ಕಲ್ಲಿನ ಕೆಳಗಿಲ್ಲ. ಅವನು ಫ್ರಾನ್ಸಿನ ಮಣ್ಣಲ್ಲೇ ಇದ್ದಾನೆ, ಇಲ್ಲವೇ ಎಲ್ಲೂ ಸಿಕ್ಕಿಯೇ ಇಲ್ಲ. ಅಂಗಳಕ್ಕೆ ಬಂದದ್ದು ಹೆಸರು ಮಾತ್ರ.

ಯಾಕೆ ಹೀಗಾಯಿತು ಅಂದರೆ, 1915ರಲ್ಲಿ ಬ್ರಿಟಿಷ್ ಸೇನೆ ಹೆಣಗಳನ್ನು ಮನೆಗೆ ಒಯ್ಯುವುದನ್ನು ನಿಷೇಧಿಸಿತು. ದುಡ್ಡಿದ್ದವರು ಮಕ್ಕಳ ದೇಹ ತೆಗೆಸಿ ತರಿಸಿಕೊಳ್ಳುತ್ತಿದ್ದರು, ಬಡವರು ಅಲ್ಲೇ ಬಿಡಬೇಕಾಗಿತ್ತು. ಈ ನಿಷೇಧಕ್ಕೆ ತೀರಾ ಹತ್ತಿರದ ಕಾರಣ ಒಬ್ಬ ತರುಣ ಅಧಿಕಾರಿ. ವಿಲಿಯಂ ಗ್ಲಿನ್ ಚಾರ್ಲ್ಸ್ ಗ್ಲ್ಯಾಡ್‌ಸ್ಟನ್, ಪಾರ್ಲಿಮೆಂಟ್ ಸದಸ್ಯ, ನಾಲ್ಕು ಸಲ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್‌ನ ಮೊಮ್ಮಗ. 1915ರ ಏಪ್ರಿಲ್ 13ರಂದು ಫ್ರಾನ್ಸಿನಲ್ಲಿ ಸತ್ತ. ವಯಸ್ಸು ಇಪ್ಪತ್ತೊಂಬತ್ತು. ಅರಸನ ಅಪ್ಪಣೆ ಪಡೆದು ಅವನ ದೇಹವನ್ನು ವೇಲ್ಸಿನ ಹಾರ್ಡನ್ ಊರಿಗೆ ತಂದು, ಮನೆತನದ ಚರ್ಚಿನ ಅಂಗಳದಲ್ಲೇ ಹೂಳಿದರು. ಹೀಗೆ ಅಪ್ಪಣೆಯೊಂದಿಗೆ ಮನೆ ಸೇರಿದ ಕೊನೆಯ ಹೆಣ ಅದೇ ಅನ್ನುತ್ತಾರೆ. ಆಮೇಲೆ ಲಾರ್ಡನ ಮಗನಾದರೂ ಅಷ್ಟೇ, ಗಣಿ ಕೆಲಸದವನ ಮಗನಾದರೂ ಅಷ್ಟೇ.

ಸುಖಾ ಸತ್ತು ಆಗ ಮೂರು ತಿಂಗಳು. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಒಬ್ಬನ ಹೆಣಕ್ಕೆ ಅರಸನೇ ದಾರಿ ಬಿಡಿಸಿಕೊಟ್ಟ. ಇನ್ನೊಬ್ಬನ ಹೆಣವನ್ನು ಯಾರೂ ಮುಟ್ಟಲು ಒಪ್ಪಲಿಲ್ಲ.

ಗ್ಲ್ಯಾಡ್‌ಸ್ಟನ್ ಮನೆತನದ ವಿಷಯ ಬಂದಿದ್ದರಿಂದ ಒಂದು ಮಾತು ಸೇರಿಸಿಬಿಡುತ್ತೇನೆ, ಯಾಕೆಂದರೆ ಮನೆತನದ ಕಲ್ಲು ಬರೀ ಕಲ್ಲಿನಿಂದ ಆಗುವುದಿಲ್ಲ. ಈ ಹುಡುಗನ ಮುತ್ತಜ್ಜ ಜಾನ್ ಗ್ಲ್ಯಾಡ್‌ಸ್ಟನ್, ಗಯಾನಾ ಮತ್ತು ಜಮೈಕಾದ ಕಬ್ಬಿನ ತೋಟಗಳ ಒಡೆಯ. ಗುಲಾಮಗಿರಿ ರದ್ದಾದಾಗ ಸರ್ಕಾರ ಪರಿಹಾರ ಕೊಟ್ಟದ್ದು ಗುಲಾಮರಿಗಲ್ಲ, ಒಡೆಯರಿಗೆ. ಇವನಿಗೆ ಸಿಕ್ಕಿದ್ದು ಒಂದು ಲಕ್ಷ ಪೌಂಡಿಗೂ ಮೇಲೆ. ಗುಲಾಮರು ಕೈತಪ್ಪಿದ ಮೇಲೆ ಅವನು ಕಣ್ಣು ಹಾಕಿದ್ದು ನಮ್ಮ ಜನರ ಮೇಲೆ. 1838ರಲ್ಲಿ ‘ವಿಟ್‌ಬಿ’, ‘ಹೆಸ್ಪರಸ್’ ಅನ್ನುವ ಎರಡು ಹಡಗುಗಳಲ್ಲಿ 396 ಭಾರತೀಯ ಕೂಲಿಗಳು ಗಯಾನಾ ಮುಟ್ಟಿದರು. ಅವರಲ್ಲಿ ಛೋಟಾನಾಗಪುರದ ಬುಡಕಟ್ಟು ಜನ ಬಹಳ. ‘ಗ್ಲ್ಯಾಡ್‌ಸ್ಟನ್ ಕೂಲಿಗಳು’ ಅಂತಲೇ ಚರಿತ್ರೆಯಲ್ಲಿ ಅವರಿಗೆ ಹೆಸರು. 2023ರಲ್ಲಿ ಆ ಮನೆತನದವರು ಗಯಾನಾಕ್ಕೆ ಹೋಗಿ ಕ್ಷಮೆ ಕೇಳಿ ಬಂದರು. ಹಾರ್ಡನ್‌ನ ಅಂಗಳದಲ್ಲಿ ಮನೆತನದ ಹೆಸರು ಇಷ್ಟು ಅಚ್ಚುಕಟ್ಟಾಗಿ ಉಳಿದಿರುವುದಕ್ಕೆ ಇದೆಲ್ಲ ಬೆನ್ನಿಗಿದೆ.

ಇನ್ನು ಸುಖಾನ ಕಥೆ. ಯುದ್ಧ ಶುರುವಾದ ಮೇಲೆ 1914ರ ಸೆಪ್ಟೆಂಬರ್ ಕೊನೆಗೆ ಭಾರತೀಯ ಪಡೆ ಮಾರ್ಸೆಲ್ಸ್ ಬಂದರಿಗೆ ಬಂದಿಳಿಯಿತು. ಚಳಿಗಾಲದ ಹೊತ್ತಿಗೆ ಗಾಯಾಳುಗಳ ರಾಶಿ. ಅವರಿಗಾಗಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಆಸ್ಪತ್ರೆಗಳನ್ನು ತೆರೆದರು. ಬ್ರೈಟನ್ನಿನ ಅರಮನೆಯೇ ಆಸ್ಪತ್ರೆಯಾಯಿತು. ಬ್ರಾಕನ್‌ಹರ್ಸ್ಟಿನಲ್ಲಿ ಮೊದಲು ಹೋಟೆಲುಗಳು, ಆಮೇಲೆ ತಗಡಿನ ಶೆಡ್ಡುಗಳ ಲೇಡಿ ಹಾರ್ಡಿಂಜ್ ಆಸ್ಪತ್ರೆ. ಆಸ್ಪತ್ರೆ ಅಂದ ಮೇಲೆ ಕಕ್ಕಸು ತೊಳೆಯಬೇಕು, ರಕ್ತ ಕೀವಿನ ಬಟ್ಟೆ ಎತ್ತಬೇಕು. ಅದಕ್ಕೆ ಜಾಡಮಾಲಿಗಳು ಭಾರತದಿಂದಲೇ ಬಂದರು. ಸೇನೆಯ ಲೆಕ್ಕದಲ್ಲಿ ಇವರು ಸಿಪಾಯಿಗಳಲ್ಲ, ‘ಫಾಲೋಯರ್’ಗಳು. ಅಂದರೆ ಹಿಂದೆ ಹಿಂದೆ ಬರುವವರು.

ಸುಖಾ ಸತ್ತಾಗ ಏನಾಯಿತು ಅನ್ನುವುದನ್ನು ಇಂಗ್ಲಿಷರು ಹೀಗೆ ಹೇಳಿಕೊಂಡು ಬಂದಿದ್ದಾರೆ. ಹಿಂದೂಗಳನ್ನು ಕೇಳಿದರು. ಇವನು ಅಸ್ಪೃಶ್ಯ, ನಮ್ಮವರನ್ನು ಸುಡುವ ಜಾಗದಲ್ಲಿ ಇವನನ್ನು ಸುಡಲಾಗದು ಅಂದರು. ವೋಕಿಂಗ್ ಮಸೀದಿಯವರನ್ನು ಕೇಳಿದರು. ಇವನು ಮುಸಲ್ಮಾನನಲ್ಲ, ನಮ್ಮ ನೆಲದಲ್ಲಿ ಹೂಳಲಾಗದು ಅಂದರು. ಆಗ ಬ್ರಾಕನ್‌ಹರ್ಸ್ಟಿನ ಪಾದ್ರಿ ಆರ್ಥರ್ ಚೇಂಬರ್ಸ್ ಮುಂದೆ ಬಂದು, ನಮ್ಮ ಅಂಗಳದಲ್ಲೇ ಆಗಲಿ ಅಂದ. ಊರವರು ಚಂದಾ ಎತ್ತಿ ಕಲ್ಲು ಹಾಕಿಸಿದರು.

ಓದಿದ ಯಾರಿಗಾದರೂ ಗಂಟಲು ಕಟ್ಟುವ ಕಥೆ. ನನಗೂ ಕಟ್ಟಿತು. ಆದರೆ ಗಂಟಲು ಕಟ್ಟಿದಾಗಲೇ ನಾವು ಎಚ್ಚರವಾಗಬೇಕು. ಯಾಕೆಂದರೆ ಈ ಕಥೆಯಲ್ಲಿ ಜಾತಿ ಅನ್ನುವುದು ಹಿಂದೂಸ್ಥಾನದವರ ರೋಗ, ಕರುಣೆ ಅನ್ನುವುದು ಇಂಗ್ಲಿಷರ ಗುಣ. ಅರ್ಧ ನಿಜ. ಆ ಅರ್ಧವನ್ನು ನಾನು ಅಲ್ಲಗಳೆಯುವುದಿಲ್ಲ. ಏಳು ಸಮುದ್ರ ದಾಟಿ, ಗುಂಡಿನ ಮಳೆಯಲ್ಲಿ ಕಾಲು ಕಳಕೊಂಡು ಒಂದೇ ಆಸ್ಪತ್ರೆಯಲ್ಲಿ ಮಲಗಿದ್ದವರು, ತಮ್ಮ ಹೇಲು ಎತ್ತಿದವನ ಹೆಣಕ್ಕೆ ಬೆಂಕಿ ಕೊಡಲು ಒಪ್ಪಲಿಲ್ಲ ಅಂದರೆ ಅದಕ್ಕೆ ಯಾವ ವ್ಯಾಖ್ಯಾನವೂ ಬೇಕಿಲ್ಲ.

ಇನ್ನರ್ಧ ಏನು? ಆ ಆಸ್ಪತ್ರೆಗಳೊಳಗೆ ಜಾತಿಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ್ದು ಸಾಮ್ರಾಜ್ಯವೇ. ಬ್ರೈಟನ್ ಅರಮನೆಯಲ್ಲಿ ಒಂಬತ್ತು ಅಡಿಗೆಮನೆಗಳಿದ್ದವು. ಹಿಂದೂಗಳಿಗೊಂದು ನಲ್ಲಿ, ಮುಸಲ್ಮಾನರಿಗೊಂದು ನಲ್ಲಿ. ಫಲಕಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ. ಇದರ ಫೋಟೋಗಳನ್ನು ತೆಗೆದು, ನೋಡಿ ನಿಮ್ಮ ಧರ್ಮವನ್ನು ಹೇಗೆ ಕಾಪಾಡಿದ್ದೇವೆ ಅಂತ ಭಾರತದಲ್ಲೆಲ್ಲ ತೋರಿಸಿದರು. ಧರ್ಮ ಕಾಪಾಡುವುದು ಅಂದರೆ ಏನು ಅಂತ ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಒಂಬತ್ತು ಅಡಿಗೆಮನೆಗಳು ಶುದ್ಧವಾಗಿರಬೇಕಾದರೆ ಕಕ್ಕಸಿಗೆ ಒಬ್ಬ ಬೇರೆಯವನು ಬೇಕು. ಆ ಬೇರೆಯವನನ್ನು ಬರೇಲಿಯಿಂದ ಹಡಗು ಹತ್ತಿಸಿ ಕರೆತಂದದ್ದು ಊರ ಗೌಡನಲ್ಲ, ಬ್ರಿಟಿಷ್ ಸರ್ಕಾರ.

ಇದಕ್ಕೆ ಇನ್ನೂ ಹಿಂದಿನ ಒಂದು ಎಳೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಸ್ಪೃಶ್ಯರು ಬಂದೂಕು ಹಿಡಿದೇ ನಿಂತಿದ್ದರು. 1818ರ ಜನವರಿ 1ರ ಕೋರೆಗಾಂವ್ ಕಾಳಗದ ಸ್ತಂಭದ ಮೇಲೆ ಸತ್ತ ಕಂಪನಿ ಸಿಪಾಯಿಗಳ 49 ಹೆಸರುಗಳಿವೆ. ಅದರಲ್ಲಿ 22 ‘ನಾಕ್’ ಎಂದು ಮುಗಿಯುವ ಮಹಾರರ ಹೆಸರುಗಳು. ಅಂಬೇಡ್ಕರರ ತಂದೆ ರಾಮ್‌ಜಿ ಸುಬೇದಾರರು. ಆದರೆ 1890ರ ದಶಕದ ಹೊತ್ತಿಗೆ ‘ಕ್ಷಾತ್ರ ಜನಾಂಗ’ಗಳ ಸಿದ್ಧಾಂತ ಕಟ್ಟಿ ಮಹಾರರನ್ನು ಸೇರಿಸಿಕೊಳ್ಳುವುದನ್ನೇ ಬಿಟ್ಟರು. ಮನವಿ ಕೊಟ್ಟರು, ಕಾದರು, ಮತ್ತೆ ಕೊಟ್ಟರು. 1917ರಲ್ಲಿ ಯುದ್ಧಕ್ಕೆ ಆಳು ಸಾಲದೆ ಬಂದಾಗ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಅದನ್ನೂ ಮುಚ್ಚಿದರು. ಅಂದರೆ 1915ರಲ್ಲಿ ಒಬ್ಬ ಅಸ್ಪೃಶ್ಯನಿಗೆ ಈ ಸೈನ್ಯದಲ್ಲಿ ಇದ್ದ ದಾರಿ ಯಾವುದು? ಬಂದೂಕು ಕಿತ್ತುಕೊಂಡ ಕೈಗೆ ಪೊರಕೆ. ಅವನ ಪೊರಕೆಯನ್ನು ಕಲ್ಲಿನಲ್ಲಿ ‘ವಿನೀತ ಸೇವೆ’ ಅಂತ ಬರೆದರು. ವಿನಯ ಅವನ ಸ್ವಭಾವವಾಗಿತ್ತೋ, ಇಲ್ಲ ಅವನ ಹುದ್ದೆಯೋ?

ಸುಖಾ ಹಿಂದೂಗಳಿಗೂ ಬೇಡ, ಮುಸಲ್ಮಾನರಿಗೂ ಬೇಡ, ಹಾಗಾಗಿ ಎಲ್ಲಿಯೂ ಸೇರದ ಅನಾಥ ಅನ್ನುವ ಹಾಗೆ ಈ ಕಥೆ ನಡೆಯುತ್ತದೆ. ನನಗೆ ತಕರಾರಿರುವುದು ಮುಖ್ಯವಾಗಿ ಇಲ್ಲಿ. ಪಂಜಾಬು, ಸಂಯುಕ್ತ ಪ್ರಾಂತ್ಯಗಳ ಜಾಡಮಾಲಿ ಜನಕ್ಕೆ ಆಗ ತಮ್ಮದೇ ಆದ ಪಂಥವಿತ್ತು. ಲಾಲ್ ಬೇಗ್ ಅವರ ಗುರು, ಪೀರ, ದೇವರು ಎಲ್ಲವೂ. ಮಣ್ಣಿನಲ್ಲಿ ಕಟ್ಟಿದ ಪುಟ್ಟ ಗುಡಿಗಳು. ಹಿಂದೂ ಪುರಾಣದ ವಾಲ್ಮೀಕಿಯೂ ಅಲ್ಲಿ ಬರುತ್ತಾನೆ, ಮುಸಲ್ಮಾನ ಪೀರರೂ ಬರುತ್ತಾರೆ, ಆದರೆ ಇದು ಎರಡೂ ಅಲ್ಲ. ಸತ್ತವರನ್ನು ಹೂಳುವುದು ಅವರಲ್ಲಿ ವಾಡಿಕೆ. ಮುಂದೆ ಜನಗಣತಿಯ ತಲೆ ಎಣಿಕೆ ಬಂತು, ಆರ್ಯಸಮಾಜದ ಶುದ್ಧಿ ಬಂತು, ಇವರನ್ನೆಲ್ಲ ಹಿಂದೂ ಅಂತ ಬರೆದುಕೊಳ್ಳುವ ಪೈಪೋಟಿ ನಡೆಯಿತು. ಲಾಲ್ ಬೇಗ್ ಮರೆಯಾಗುತ್ತಾ ಬಂದು, ವಾಲ್ಮೀಕಿ ಒಬ್ಬನೇ ಉಳಿದ. ಜೋಯೆಲ್ ಲೀ 2021ರ ತಮ್ಮ ಪುಸ್ತಕದಲ್ಲಿ ಈ ಕಥನವನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ.

ಲಾಲ್‌ಬೇಗಿಗಳಲ್ಲಿ ‘ಕುರ್ಸಿನಾಮಾ’ ಅಂತ ಇತ್ತು. ವಂಶಾವಳಿ ಅನ್ನಿ. ಗುರುವಿನಿಂದ ಗುರುವಿಗೆ, ಪ್ರಶ್ನೆ ಉತ್ತರದ ಧಾಟಿಯಲ್ಲಿ, ಬಾಯಿಪಾಠವಾಗಿ ಹೇಳುವಂಥದ್ದು. ರಿಚರ್ಡ್ ಟೆಂಪಲ್ ಅನ್ನುವ ಬ್ರಿಟಿಷ್ ಅಧಿಕಾರಿ 1880ರ ದಶಕದಲ್ಲೇ ಇವುಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದ್ದ. ನಮ್ಮಲ್ಲಿ ಹೆಳವರು ಒಕ್ಕಲು ಮನೆತನಗಳ ತಲೆಮಾರುಗಳನ್ನು ಬಾಯಲ್ಲಿ ಹೇಳುತ್ತಾರಲ್ಲ, ಹಾಗೆ. ಇಂಗ್ಲಿಷರು ಕಲ್ಲಿನ ಮೇಲೆ ಕೆತ್ತಿದ್ದನ್ನು ಈ ಜನ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಅಂಥ ಜನರ ನಡುವಿಂದ ಬಂದವನ ಬಗ್ಗೆ ಕಲ್ಲು ಹೇಳುವುದು ಇಷ್ಟೇ: ಕ್ರೈಸ್ತನಲ್ಲ. ಅವನು ಏನಲ್ಲ ಅಂತ ಬರೆದರು. ಹಿಂದೂಗಳೂ ಮುಸಲ್ಮಾನರೂ ಹೇಳಿದ್ದು ಅದನ್ನೇ, ನಮ್ಮವನಲ್ಲ. ಮೂರು ಕಡೆಯವರೂ ಇವನನ್ನು ‘ಅಲ್ಲ’ದಿಂದಲೇ ಗುರುತಿಸಿದರು. ಒಬ್ಬರು ಮಾತ್ರ ಜಾಗ ಕೊಟ್ಟರು.

ಪಾದ್ರಿ ಚೇಂಬರ್ಸನ ಬಗ್ಗೆಯೂ ನ್ಯಾಯವಾಗಿ ಎರಡು ಮಾತು ಹೇಳಬೇಕು. ಸಾವಿನ ಆಚೆಗಿನ ಬದುಕಿನ ಬಗ್ಗೆ ಪುಸ್ತಕ ಬರೆದು ಆ ಕಾಲಕ್ಕೆ ಹೆಸರಾಗಿದ್ದವನು. ಕಲ್ಲಿನ ಮೇಲಿನ ‘ಐಹಿಕ ದೇಹ’ ಅನ್ನುವ ಮಾತಿನಲ್ಲಿ ಅವನ ಕೈವಾಡ ಇದೆ ಅಂತ ನನ್ನ ಊಹೆ. ದೇಹ ಇಲ್ಲಿದೆ, ಅವನು ಬೇರೆ ಕಡೆ ಇದ್ದಾನೆ ಅನ್ನುವ ನಂಬಿಕೆ. ಸತ್ತವನನ್ನು ಕ್ರೈಸ್ತನನ್ನಾಗಿ ಮಾಡಲು ಅವನು ಹೋಗಲಿಲ್ಲ. ಸತ್ತ ಮೇಲೂ ಮತ ಹಚ್ಚುವ ನಮ್ಮ ಕಾಲದವರು ಇದನ್ನು ಗಮನಿಸಬಹುದು. ಆ ಊರವರೂ ಅಷ್ಟೇ, ಕಲ್ಲು ಹಾಕಿಸುವುದರಲ್ಲಿ ಅವರದ್ದು ದೊಡ್ಡ ಕೈ. ಅದೇ ಅಂಗಳದಲ್ಲಿ 1905ರಲ್ಲಿ ಸತ್ತ ‘ಬ್ರಷರ್’ ಮಿಲ್ಸ್ ಅನ್ನುವ ಹಾವಾಡಿಗನ ಗೋರಿಯಿದೆ. ಕಾಡಲ್ಲಿ ಗುಡಿಸಲು ಹಾಕಿಕೊಂಡು ಹಾವು ಹಿಡಿದು ಬದುಕಿದವ. ಅವನಿಗೂ ಜನರೇ ದುಡ್ಡು ಹಾಕಿ, ಹಾವುಗಳ ಸಮೇತ ಅವನ ಚಿತ್ರ ಕೆತ್ತಿಸಿ ಕಲ್ಲು ನಿಲ್ಲಿಸಿದ್ದಾರೆ.

ಹೆಣ ಯಾರದ್ದು, ಸಂಸ್ಕಾರ ಯಾರು ಮಾಡಬೇಕು ಅಂದ ಕೂಡಲೇ ಕನ್ನಡದ ಓದುಗರಿಗೆ ನೆನಪಾಗುವುದು ಅನಂತಮೂರ್ತಿಯವರ ‘ಸಂಸ್ಕಾರ’. 1965ರ ಕಾದಂಬರಿ. ನಾರಣಪ್ಪನ ಹೆಣ ಅಗ್ರಹಾರದ ನಡುವೆ ಕೊಳೆಯುತ್ತದೆ, ಇಡೀ ಕಾದಂಬರಿ ಆ ಹೆಣದ ಸುತ್ತ ಸುತ್ತುತ್ತದೆ. ಶಾಸ್ತ್ರ ತೆಗೆದರು, ಉಪವಾಸ ಬಿದ್ದರು, ಆತ್ಮಶೋಧನೆ ಮಾಡಿದರು. ಕೊನೆಗೆ ಚಂದ್ರಿಯ ಮಾತಿಗೆ ಒಬ್ಬ ಮುಸಲ್ಮಾನ ಬಂದು ಕತ್ತಲಲ್ಲಿ ಹೆಣ ಸಾಗಿಸಿ ಸುಟ್ಟ. ಅದೇ ಕಾದಂಬರಿಯಲ್ಲಿ ಹೊಲೆಯರ ಕೇರಿಯಲ್ಲೂ ಪ್ಲೇಗಿಗೆ ಜನ ಸಾಯುತ್ತಾರೆ. ಹೆಣವನ್ನು ಒಳಗಿಟ್ಟೇ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಕೆಲವು ಸಾಲಿಗೆ ಮುಗಿಯುತ್ತದೆ. ಬ್ರಾಹ್ಮಣನ ಹೆಣ ಒಂದು ಪ್ರಶ್ನೆ, ಹೊಲೆಯನ ಹೆಣ ಒಂದು ಘಟನೆ. ಕಾದಂಬರಿಯನ್ನು ಜರೆಯಲು ಇದನ್ನು ಹೇಳುತ್ತಿಲ್ಲ. ಅದು ತನ್ನ ಲೋಕದ ಬಗ್ಗೆ ಪ್ರಾಮಾಣಿಕವಾಗಿಯೇ ಇದೆ. ಆದರೆ ನಮ್ಮ ವಿಮರ್ಶೆ ಆ ಗುಡಿಸಲಿನ ಬೆಂಕಿಯ ಹತ್ತಿರ ಎಷ್ಟು ಹೊತ್ತು ನಿಂತಿತು? ಬ್ರಾಕನ್‌ಹರ್ಸ್ಟಿನಲ್ಲಿ ಈ ಲೆಕ್ಕ ತಿರುಗುಮುರುಗಾಯಿತು. ಅಲ್ಲಿ ಪ್ರಶ್ನೆಯಾಗಿ ನಿಂತದ್ದು ಜಾಡಮಾಲಿಯ ಹೆಣ. ಹಾಗಾಗಿಯೇ ಸುಖಾ ನಮಗೆ ಸಿಕ್ಕಿದ. ಅವನನ್ನು ಯಾರಾದರೂ ತಕರಾರಿಲ್ಲದೆ ಎಲ್ಲೋ ಮಣ್ಣು ಮಾಡಿದ್ದರೆ ಹೆಸರೂ ಉಳಿಯುತ್ತಿರಲಿಲ್ಲ.

ನಮ್ಮ ಕೇರಿಯಲ್ಲಿ ಗೋರಿಗೆ ಕಲ್ಲು ಎಲ್ಲಿಯದು? ಹೂತು, ಗುಡ್ಡೆ ಮೇಲೆ ಮುಳ್ಳು ಹೇರಿ, ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದರೆ ಎರಡು ಮಳೆಗಾಲಕ್ಕೆ ನೆಲ ಮಟ್ಟ. ನನ್ನ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದೆವು ಅಂತ ನಮ್ಮಪ್ಪ ಒಂದು ಹುಣಸೆಮರದ ಗುರುತಿನಿಂದ ಹೇಳುತ್ತಿದ್ದ. ಆ ಮರವನ್ನು ಕಡಿದರು. ಈಗ ಅದೂ ಇಲ್ಲ.

ಯುದ್ಧದಲ್ಲಿ ಸತ್ತ ಸುಖಾನಂಥವರ ಒಟ್ಟು ಲೆಕ್ಕ ನೋಡಿದರೆ ಒಂದು ಕಲ್ಲು ಎಷ್ಟು ಅಪರೂಪ ಅನ್ನುವುದು ಗೊತ್ತಾಗುತ್ತದೆ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಸಿಪಾಯಿಗಳಲ್ಲ: ಜಾಡಮಾಲಿಗಳು, ನೀರು ಹೊರುವ ಭಿಸ್ತಿಗಳು, ಕುದುರೆ ನೋಡುವವರು, ಡೋಲಿ ಹೊರುವ ಕಹಾರರು, ಅಡಿಗೆಯವರು, ಕೂಲಿಗಳು. ರಾಧಿಕಾ ಸಿಂಘ ಅವರು 2020ರಲ್ಲಿ ಪ್ರಕಟಿಸಿದ ಪುಸ್ತಕ ಪೂರ್ತಿ ಇವರದ್ದೇ ಚರಿತ್ರೆ. 1917ರಲ್ಲಿ ಹುಟ್ಟಿದ ಯುದ್ಧ ಸಮಾಧಿ ಆಯೋಗ ಅಂತಸ್ತಿನ ಭೇದವಿಲ್ಲದೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು ಅಂತ ಘೋಷಿಸಿತು. ಯೂರೋಪಿನಲ್ಲಿ ಅದನ್ನು ಬಹುಮಟ್ಟಿಗೆ ಪಾಲಿಸಿತು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ತೆರೆದ ಸ್ಮಾರಕದಲ್ಲಿ 4,700ಕ್ಕೂ ಮೇಲ್ಪಟ್ಟು ಭಾರತೀಯರ ಹೆಸರುಗಳಿವೆ, ಕೂಲಿಯವರೂ ಸೇರಿ. ಯೂರೋಪ್ ದಾಟಿದ ಕೂಡಲೇ ಮಾತು ಬದಲಾಯಿತು. 1929ರ ಬಸ್ರಾ ಸ್ಮಾರಕದ ಗೋಡೆಯಲ್ಲಿ ಬ್ರಿಟಿಷರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು, ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ಪಡೆಯ ಹೆಸರು, ಮುಂದೆ ಒಂದು ಸಂಖ್ಯೆ. 2021ರಲ್ಲಿ ಆ ಆಯೋಗವೇ ಒಪ್ಪಿಕೊಂಡಿತು: ಆಫ್ರಿಕಾ, ಏಷ್ಯಾದ ಕನಿಷ್ಠ 1,16,000 ಜನ, ಬಹುಶಃ 3,50,000ದವರೆಗೆ, ಹೆಸರಿಲ್ಲದೆ ಅಥವಾ ಯಾವ ಸ್ಮರಣೆಯೂ ಇಲ್ಲದೆ ಹೋಗಿದ್ದಾರೆ.

ಕೋರೆಗಾಂವದ ಸ್ತಂಭವನ್ನೂ ಕಂಪನಿ ನಿಲ್ಲಿಸಿದ್ದು ತನ್ನ ಗೆಲುವಿಗೆ, ನಮ್ಮ ಗೌರವಕ್ಕಲ್ಲ. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋಗಿ ನಿಂತರು. ಅಲ್ಲಿಂದ ಆ ಕಲ್ಲು ಬೇರೆಯೇ ಮಾತಾಡತೊಡಗಿತು. ಅಲ್ಲಿ ಕೊನೆಗೆ ‘ನಾಕ್’ ಅನ್ನುವ ಎರಡಕ್ಷರವಾದರೂ ಇತ್ತು, ಹಿಡಿದುಕೊಳ್ಳಲು. ಸುಖಾನ ಕಲ್ಲಿನಲ್ಲಿ ನಾವು ಹಿಡಿದುಕೊಳ್ಳುವುದು ಯಾವುದನ್ನು? ನನಗೆ ಕಾಣುವುದು ಆ ವಿಳಾಸ. ಮೊಹಲ್ಲಾ ಗಂಗಾಪುರ, ಬರೇಲಿ. ಸಾಮ್ರಾಜ್ಯ, ಸೇವೆ, ತ್ಯಾಗ ಇವೆಲ್ಲ ಪಾದ್ರಿಯ ಮಾತುಗಳು. ಮೊಹಲ್ಲಾದ ಹೆಸರನ್ನು ಪಾದ್ರಿ ಕಲ್ಪಿಸಿ ಬರೆಯಲಾಗದು. ಅದು ಸುಖಾನ ಬಾಯಿಂದಲೋ, ಅವನ ಜೊತೆಯ ಇನ್ನೊಬ್ಬ ಜಾಡಮಾಲಿಯ ಬಾಯಿಂದಲೋ, ಅಥವಾ ಅವನನ್ನು ಭರ್ತಿ ಮಾಡಿಕೊಂಡಾಗಿನ ಕಾಗದದಿಂದಲೋ ಬಂದಿರಬೇಕು.

ಸುಖಾ ಸತ್ತ ಮರುವರ್ಷ ಬ್ರಾಕನ್‌ಹರ್ಸ್ಟಿನ ಆಸ್ಪತ್ರೆ ನ್ಯೂಜಿಲೆಂಡಿನವರ ಕೈಗೆ ಹೋಯಿತು. ಅಲ್ಲಿ ಸತ್ತ ತೊಂಬತ್ತಕ್ಕೂ ಹೆಚ್ಚು ನ್ಯೂಜಿಲೆಂಡ್ ಸೈನಿಕರು ಇದೇ ಅಂಗಳದಲ್ಲಿದ್ದಾರೆ. ಪ್ರತಿ ಏಪ್ರಿಲ್‌ನಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಸತ್ತವನ ಕಲ್ಲಿನ ಬುಡದಲ್ಲಿ ಮನೆಯವರು ತಮ್ಮದೊಂದು ಮಾತು ಬರೆಸಬಹುದು ಅಂತ ಆಯೋಗದ ನಿಯಮವಿತ್ತು. 66 ಅಕ್ಷರ ಮೀರಬಾರದು, ಅಕ್ಷರಕ್ಕೆ ಮೂರೂವರೆ ಪೆನ್ಸ್. ದುಡ್ಡಿದ್ದವರು ಬರೆಸುತ್ತಾರೆ, ಇಲ್ಲದವರು ಬರೆಸಲಾರರು, ಅದು ಸಮಾನತೆಯಲ್ಲ ಅಂತ ನ್ಯೂಜಿಲೆಂಡ್ ಸರ್ಕಾರ ತನ್ನವರ ಕಲ್ಲುಗಳಲ್ಲಿ ಮನೆಯವರ ಮಾತೇ ಬೇಡ ಅಂದಿತು. ಹಾಗಾಗಿ ಆ ಸಾಲು ಸಾಲು ಬಿಳಿ ಕಲ್ಲುಗಳಲ್ಲಿ ಹೆಸರು, ಪಡೆ, ತಾರೀಖು ಬಿಟ್ಟರೆ ಮನೆಯವರ ಒಂದಕ್ಷರ ಇಲ್ಲ. ಸುಖಾನ ಕಲ್ಲು ಅವುಗಳ ಪಕ್ಕದಲ್ಲಿ ಬಹಳ ಮಾತಾಡುತ್ತದೆ. ಮೇಲಿಂದ ಕೆಳತನಕ ಅಕ್ಷರ. ಬರೇಲಿಯಿಂದ ಬಂದ ಅಕ್ಷರ ಅದರಲ್ಲಿ ಅವನ ಹೆಸರಿನದ್ದು, ಅವನ ಬೀದಿಯದ್ದು.